ಚಿತ್ರದ ಬದಲಿಗೆ

ಮಾತೊಸಿನ್ಯುಸ್ ಬಂದರಿಗೆ ಬೆನ್ನು ಹಾಕಿ ನಿಂತ
ನಮ್ಮ ಡಬ್ಬಿ ಕಾರ್ಖಾನೆಯಲ್ಲಿ ಹನ್ನೊಂದು ಹೆಂಗಸರು
ಬೂತಾಯಿಯ ತಲೆ ಕತ್ತರಿಸುತ್ತಾರೆ.
ನಾನು ಮಹಡಿಯ ಮೇಲೆ ಕೂತು ಕಾಗದ ಕಳಿಸುತ್ತೇನೆ,
ಕಾಗದ ಅಂದರೆ ಇಮೇಲು, ಅಂಚೆಚೀಟಿ ಇಲ್ಲದ್ದು,
ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಜನಕ್ಕೆ ಒಂದೇ ಏಟಿಗೆ.

ಈ ಸಲದ್ದು ಝುಲ್ಮಿರಾ ಬರೆದ ಚಿತ್ರ.
ಹನ್ನೊಂದರಲ್ಲಿ ಅವಳೂ ಒಬ್ಬಳು; ಹಗಲು ಚೂರಿ, ರಾತ್ರಿ ಕುಂಚ.
ಹಳದಿ ಮೇಜುಬಟ್ಟೆ, ಮೂರು ಮೀನು, ಅರ್ಧ ನಿಂಬೆಹಣ್ಣು.
ಬೆಲೆಯೂ ಚಿತ್ರದೊಳಗೆ, ರಿಯಾಯಿತಿಯೂ ಚಿತ್ರದೊಳಗೆ,
ಯಜಮಾನ ಅನಕ್ಲೇಟೊ ಅವರ ಸಹಿ ಕೂಡ
ಬಾಲದ ಪಕ್ಕ, ಎಣ್ಣೆ ಚೆಲ್ಲಿದ ಹಾಗೆ.
"ಒಂದಕ್ಷರ ಸೇರಿಸಬೇಡ," ಅಂದರು ಅವರು,
"ನೋಡಿದರೆ ಸಾಕು, ಬಾಯಲ್ಲಿ ನೀರು ಬರಬೇಕು."

ಬರಲಿಲ್ಲ.
ನೋಡಿದ್ದರೆ ತಾನೆ?
ಸೋಮವಾರ ನನ್ನದೇ ಪೆಟ್ಟಿಗೆ ತೆರೆದು ಹುಡುಕಿದರೆ
ನಮ್ಮ ಮೀನು ಸ್ಪ್ಯಾಮಿನ ತೊಟ್ಟಿಯಲ್ಲಿ ಬಿದ್ದಿದೆ,
ಅಗ್ಗದ ಗಡಿಯಾರದವನಿಗೂ
ಸತ್ತ ಚಿಕ್ಕಪ್ಪನ ಆಸ್ತಿ ಹಂಚುವವನಿಗೂ ನಡುವೆ.
ಎತ್ತಿ ಹೊರಗಿಟ್ಟರೂ ಬಿಚ್ಚಿಕೊಳ್ಳಲಿಲ್ಲ:
ಬೂದುಬಣ್ಣದ ಒಂದು ಚೌಕ,
ಮೂಲೆಯಲ್ಲಿ ಹರಿದ ಪಟದ ಗುರುತು.

ಬಾಗಿಲಲ್ಲಿ ಒಬ್ಬ ಕೂತಿದ್ದಾನೆ, ಮುಖವಿಲ್ಲದವನು.
ಹಿಂದೆ ಯಾರೋ ಲಾಟರಿಯ ಮಾತನ್ನು, ಮಾತ್ರೆಯ ಮಾತನ್ನು
ಚಿತ್ರದ ಹೊಟ್ಟೆಯಲ್ಲಿ ಬಚ್ಚಿಟ್ಟು ಸಾಗಿಸಿದ್ದರಂತೆ.
ಅಂದಿನಿಂದ ಅವನಿಗೆ ಬಾಯಿಬಿಡದೆ ಬರುವವರ ಮೇಲೆ ಗುಮಾನಿ.
ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ,
ಬಂಗಾರ ತಂದವರನ್ನು ಇವನು ಕಳ್ಳರ ಸಾಲಿಗೆ ನಿಲ್ಲಿಸುತ್ತಾನೆ.
ಬೆಳ್ಳಿಯ ಚಿಲ್ಲರೆ ಇದೆಯಾ? ಹಾಗಿದ್ದರೆ ಒಳಗೆ ಬಾ.

ಅನಕ್ಲೇಟೊ ಅವರಿಗೆ ಇದನ್ನು ಹೇಳುವುದು ಹೇಗೆ?
ಹೇಳಿದೆ. ಮೂರು ದಿನ ಮಾತು ಬಿಟ್ಟರು.
ನಾಲ್ಕನೆಯ ದಿನ, "ಬರಿ, ಏನಾದರೂ ಬರಿ," ಅಂದರು,
ಎಲೆಕೋಸಿನ ಸೂಪು ಕಲಕುತ್ತಾ.

ಬೆಲೆಯನ್ನು ಚಿತ್ರದಿಂದ ಕಿತ್ತು ಅಕ್ಷರದಲ್ಲಿಟ್ಟೆ.
ಸಹಿಯನ್ನೂ. ರಿಯಾಯಿತಿಯನ್ನೂ.
ಚಿತ್ರವನ್ನು ಅಂಗೈಯಷ್ಟು ಮಾಡಿ ಬದಿಗೆ ಕೂರಿಸಿದೆ.
ಇನ್ನೊಂದು ಚಿತ್ರ ಇತ್ತು, ಅದನ್ನು ನಾನೇ ಇಟ್ಟದ್ದು:
ಬಣ್ಣವಿಲ್ಲದ ಒಂದೇ ಒಂದು ಚುಕ್ಕಿ.
ಯಾರು ತೆರೆದರು, ಎಷ್ಟು ಗಂಟೆಗೆ, ಯಾವ ಊರಲ್ಲಿ
ಅಂತ ಓಡಿಬಂದು ನನ್ನ ಕಿವಿಯಲ್ಲಿ ಊದುವ ಚಾಡಿಕೋರ.
ಕಳ್ಳನನ್ನು ಕಾಯುವವನ ಎದುರು
ನನ್ನ ಜೇಬಲ್ಲಿ ಇದೇನು?
ಅದನ್ನೂ ತೆಗೆದೆ. ಸುಳ್ಳು ಹೇಳಲಾರೆ,
ತೆಗೆದ ಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಚಿತ್ರದ ಹಿಂದಿನ ಖಾಲಿ ಜಾಗ,
ಚಿತ್ರ ಕಾಣದಾಗ ಅದರ ಬದಲಿಗೆ ನಿಲ್ಲುವ ಸಾಲು.
ಮೊದಲು "ಚಿತ್ರ ೧" ಅಂತ ಇತ್ತು, ನಾಚಿಕೆಯಾಯಿತು. ಬರೆದೆ:
"ಹಳದಿ ಬಟ್ಟೆಯ ಮೇಲೆ ನೀಲಿ ಅಂಚಿನ ತಟ್ಟೆ.
ತಟ್ಟೆಯಲ್ಲಿ ಮೂರು ಬೂತಾಯಿ, ಹೊಟ್ಟೆ ಹೊಳೆಯುತ್ತಿದೆ.
ಎರಡು ನಿಂಬೆಯ ಕಡೆ ನೋಡುತ್ತಿವೆ,
ಒಂದು ಆಚೆ ತಿರುಗಿದೆ."

ಕಳಿಸಿದೆ. ಎಷ್ಟು ಜನ ತೆರೆದರೋ, ಹೇಳಲು ಚುಕ್ಕಿ ಇಲ್ಲ.
ಡಬ್ಬಿಗಳು ಹೋದವು ಅನ್ನುವುದು ಮಾತ್ರ ಗೊತ್ತು, ರಟ್ಟು ಸಾಲದೆ ಬಂತು.

ಶುಕ್ರವಾರ ಒಂದು ಉತ್ತರ, ಬ್ರಗಾನ್ಸಾದಿಂದ.
ಎರ್ಮೆಲಿಂಡಾ ಅಂತೆ, ಹುಟ್ಟಿನಿಂದ ಕಣ್ಣಿಲ್ಲ,
ಅವರ ಫೋನು ಕಾಗದಗಳನ್ನು ಓದಿ ಹೇಳುತ್ತದಂತೆ.
"ಎಂಟು ವರ್ಷದಿಂದ ನಿಮ್ಮ ಗಿರಾಕಿ.
ಪ್ರತಿ ಸಲ 'ಚಿತ್ರ ೧' ಅಂತ ಕೇಳಿ ಕೇಳಿ ಸಾಕಾಗಿತ್ತು.
ಇರಲಿ. ಆ ಮೂರನೆಯ ಮೀನು ಯಾಕೆ ಆಚೆ ತಿರುಗಿದೆ?
ಅದನ್ನು ನೀವು ಬರೆದಿಲ್ಲ."

ಕೆಳಗಿಳಿದು ಹೋಗಿ ಝುಲ್ಮಿರಾಳನ್ನು ಕೇಳಿದೆ.
ಕೈಯ ಪೊರೆಯನ್ನು ಸೆರಗಿಗೆ ಸವರಿದಳು, ಏಪ್ರನ್ನೇ ಅವಳ ಸೆರಗು,
ತುಸು ಹೊತ್ತು ಯೋಚಿಸಿದಳು.
"ತಟ್ಟೆ ಚಿಕ್ಕದಿತ್ತು," ಅಂದಳು.

ಮೇಲೆ ಬಂದು ಅಷ್ಟನ್ನೇ ಬರೆದು ಕಳಿಸಿದೆ.