ಗುರುವಾರದ ಮೆಟ್ಟಿಲು

ವಾಲ್ಪರೈಸೊದ ಬಂದರಿಗೆ ಬೆನ್ನು ಹಾಕಿದ ಕೋಣೆ ನನ್ನದು.
ಕಿಟಕಿಯಿಲ್ಲ. ಮುನ್ನೂರ ಹನ್ನೆರಡು ಎದೆಗಳಿವೆ.
ಪರದೆಯ ಮೇಲೆ ಹಸಿರು ಗೆರೆಗಳಾಗಿ ಏಳುತ್ತವೆ, ಬೀಳುತ್ತವೆ;
ಒಂದರ ಮುಖವನ್ನೂ ನಾನು ಕಂಡವಳಲ್ಲ.

ಇನ್ನೂರ ನಾಲ್ಕನೆಯದು ದೊನ್ ಅನ್ಸೆಲ್ಮೊ ಕಾರ್ಕಮೊ.
ಗುಡ್ಡ ಹತ್ತಿಳಿಯುವ ಕೇಬಲ್ ಡಬ್ಬಿಗಳಿಗೆ ಗ್ರೀಸು ಬಳಿಯುತ್ತ
ನಲವತ್ತು ವರ್ಷ ಸವೆಸಿದವನು; ಈಗ ಅವನೆದೆಯ ಮೇಲೆ
ನೂರು ಪೆಸೊ ನಾಣ್ಯದಷ್ಟಗಲದ ಪಟ್ಟಿ.
ಅಂಟಿಸಿದ್ದು ಮೇಲಿನ ಮಹಡಿಯವರು. ಸಹಿ ಹಾಕಿದ್ದು ಅವನು,
ಕನ್ನಡಕ ಮನೆಯಲ್ಲಿ ಮರೆತು ಬಂದ ದಿನ.

ಹಿಂದೆ ಗೋಡೆಗೆ ಕಿವಿ ಇತ್ತು.
ಈಗ ಚರ್ಮಕ್ಕೇ ಬಾಯಿ ಬಂದಿದೆ.

ಗುರುವಾರ ನಾಲ್ಕು ಹತ್ತಕ್ಕೆ
ಅವನ ಗೆರೆ ಕುದುರೆಯಾಗುತ್ತದೆ.
ನೂರ ಇಪ್ಪತ್ತು, ನೂರ ಮೂವತ್ತು...
ಐದಕ್ಕೆ, ನೀರು ಕುಡಿದು ನಿಂತಂತೆ, ಶಾಂತ.
ವಾರ ತಪ್ಪದೆ. ಆರು ವಾರ.

ಗೆರೆ ಕುಣಿದಾಗಲೆಲ್ಲ ಯಂತ್ರ ಕೇಳುತ್ತದೆ: ಕಾರಣ ಆರಿಸಿ.
ಊಟ. ಜ್ವರ. ಭಯ. ಮೆಟ್ಟಿಲು. ಬ್ಯಾಟರಿ.
ಖಾಲಿ ಬಿಡುವ ಹಾಗಿಲ್ಲ.
ಮೆಟ್ಟಿಲು ಒತ್ತಿದೆ.
ಸುಳ್ಳೆನ್ನಲಾರಿರಿ: ಈ ಊರಿನಲ್ಲಿ
ಹಾಲು ತರಲೂ ಮೆಟ್ಟಿಲು, ಹೆಣ ಸಾಗಿಸಲೂ ಮೆಟ್ಟಿಲು.

ಒಂದು ಬೆಳಿಗ್ಗೆ ಅವನ ಹೆಂಡತಿ ಬಂದಳು, ಒರ್ತೆನ್ಸಿಯಾ.
ಕೈಚೀಲದಿಂದ ಈರುಳ್ಳಿಯ ಹಸಿರು ದಂಟು ಇಣುಕುತ್ತಿತ್ತು.
ಫೋನು ಮುಂದೆ ಹಿಡಿದಳು. ಮನೆಯವರೂ ನೋಡಲೆಂದು
ಸೌಲಭ್ಯ ಕೊಟ್ಟವರು ನಾವೇ, ಅದೂ ಪುಕ್ಕಟೆ.
"ಮಗಳೇ, ಗುರುವಾರ ನಾಲ್ಕಕ್ಕೆ ನನ್ನ ಗಂಡನ ಹೃದಯ ಎಲ್ಲಿರುತ್ತದೆ?
ಮೂವತ್ತೆಂಟು ವರ್ಷ ಪಕ್ಕದಲ್ಲೇ ಮಲಗಿದ್ದೇನೆ,
ಹೀಗೆ ಬಡಿದದ್ದು ಕೇಳಿಲ್ಲ."
ಎಲ್ಲಿ ಎಂಬುದು ನನಗೆ ಗೊತ್ತಿಲ್ಲ; ಎಷ್ಟು ಎಂಬುದಷ್ಟೇ ಗೊತ್ತು.
ಮೆಟ್ಟಿಲು, ಅಂದೆ.
ನನ್ನ ಕಣ್ಣನ್ನೇ ನೋಡಿದಳು,
ಮೀನು ಕೊಳ್ಳುವವರು ಮೀನಿನ ಕಣ್ಣು ನೋಡುವ ಹಾಗೆ.

ಮರುವಾರ ಅವನೇ ಬಂದ.
ಗೆರೆಗೆ ಮೊದಲ ಬಾರಿ ಮುಖ: ಹುಬ್ಬಿನಲ್ಲಿ ನರೆ,
ಉಗುರ ಸಂದಿಯಲ್ಲಿ ಇನ್ನೂ ಕರಿ ಗ್ರೀಸು.
ಕೇಳಿದ್ದು ಇಷ್ಟೇ: ಗುರುವಾರ ಒಂದು ಗಂಟೆ
ಇದನ್ನು ಕಿತ್ತಿಡಲೇ?
"ಆ ಗಂಟೆಯಲ್ಲೇ ನಿಂತುಹೋದರೆ?"
"ನಿಂತರೆ ನನ್ನದೇ ಆಗಿ ನಿಲ್ಲಲಿ."

ನಿಯಮದ ಪುಸ್ತಕದಲ್ಲಿ ಹೀಗೊಂದು ಗಂಟೆ ಇಲ್ಲ.
ವಿಮೆಯವರ ಕಾಗದದಲ್ಲಿದೆ: ಮೂರು ಸಲ ಸಂಪರ್ಕ ತಪ್ಪಿದರೆ ಕಂತು ಏರುತ್ತದೆ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.
ಡಬ್ಬಿಯಲ್ಲಿ ತಡಕಾಡಿ, ಅಂಟು ಸಡಿಲವಾದದ್ದೊಂದನ್ನು ಹುಡುಕಿ ಕೊಟ್ಟೆ.

ಅಂದಿನಿಂದ ಗುರುವಾರ ನಾಲ್ಕು ಹತ್ತಕ್ಕೆ
ಇನ್ನೂರ ನಾಲ್ಕರ ಜಾಗ ಬೂದಿ.
ಕಾರಣ ಆರಿಸಿ. ಬ್ಯಾಟರಿ, ಒತ್ತುತ್ತೇನೆ.
ಮುನ್ನೂರ ಹನ್ನೊಂದು ಎದೆ ಬಡಿಯುತ್ತಿದ್ದರೂ
ಕಣ್ಣು ಆ ಒಂದು ಖಾಲಿಯಲ್ಲಿ.
ನಾಲ್ಕೂವರೆ. ನಾಲ್ಕು ಐವತ್ತು. ಐದು.
ಐದು ಮೂರಕ್ಕೆ ಒಂದು ಹಸಿರು ಚುಕ್ಕೆ,
ಹೊತ್ತು ಮೀರಿ ಮನೆಗೆ ಬಂದವರಂತೆ,
ಚಪ್ಪಲಿ ಕೈಯಲ್ಲಿ ಹಿಡಿದು ಒಳಬರುತ್ತದೆ.

ಕಳೆದ ತಿಂಗಳಿಂದ ನಮ್ಮ ಮಣಿಕಟ್ಟಿಗೂ ಪಟ್ಟಿ ಕಟ್ಟಿದ್ದಾರೆ,
ಸಿಬ್ಬಂದಿಯ ಕ್ಷೇಮಕ್ಕಂತೆ.
ನಿನ್ನೆ ಮೇಲ್ವಿಚಾರಕ ರೊಲಾಂದೊ ಕರೆದು ಕಾಗದ ತಿರುಗಿಸಿ ತೋರಿಸಿದ:
"ಯಾಸ್ನಾ, ಕೂತೇ ಇರುವ ಕೆಲಸ ನಿನ್ನದು.
ಗುರುವಾರ ನಾಲ್ಕರಿಂದ ಐದು, ಏನಿದು?"

ಮೆಟ್ಟಿಲು, ಅಂದೆ.

ಅವನ ಮಣಿಕಟ್ಟಿನಲ್ಲೂ ಪುಟ್ಟ ಹಸಿರು ದೀಪ ಮಿಣುಕುತ್ತಿತ್ತು.
ಇನ್ನೊಂದು ಕೈಯಿಂದ ಅದನ್ನು ತುಸು ಹೊತ್ತು ಮುಚ್ಚಿಕೊಂಡು ಕೂತ.
ಆಮೇಲೆ ಬರೆದುಕೊಂಡ:
ಮೆಟ್ಟಿಲು.