ಎಡಗಡೆ ಕೆಳಗಿನ ಗೆರೆ

ಫ್ಯಾನು ಆರಿಸಿದ್ದೇನೆ.
ಗಾಳಿ ಆಡಿದರೆ ಕಡ್ಡಿಯ ತುದಿಯಲ್ಲಿ ಕಾವು ನಿಲ್ಲುವುದಿಲ್ಲ,
ಆಡದಿದ್ದರೆ ನಾನು ನಿಲ್ಲುವುದಿಲ್ಲ.
ದಾವಣಗೆರೆಯ ಏಪ್ರಿಲ್ಲು. ಹಿಂದಿನ ಸಾಲಿನಲ್ಲಿ ಮಂಡಕ್ಕಿ ಭಟ್ಟಿ;
ಹೊಟ್ಟಿನ ಬೂದಿ ಕಿಟಕಿ ದಾಟಿ ಬಂದು
ಬೋರ್ಡಿನ ಮೇಲೆ ಕೂರುತ್ತದೆ, ಕರೆಯದ ಬೀಗರ ಹಾಗೆ.
ಬ್ರಶ್ಶಿನಿಂದ ಎಬ್ಬಿಸಿ ಕಳಿಸುತ್ತೇನೆ.

ಮುಂದಿರುವುದು ಮಂಡಿಪೇಟೆ ಕೊಟ್ರಬಸಪ್ಪನವರ ತಕ್ಕಡಿ.
ದಂಡಿಯಿಲ್ಲ, ಮುಳ್ಳಿಲ್ಲ, ಹೆಸರಷ್ಟೇ ತಕ್ಕಡಿ.
ಮೆಣಸಿನಕಾಯಿ ತೂಗಿ ತೂಗಿ
ಒಳಗಿನ ರಿಬ್ಬನ್ ಕೇಬಲ್ಲಿನ ಒಂದು ಎಳೆ ಸತ್ತಿದೆ:
ಕಿಲೋ ಅಂಕಿಯ ಎಡಗಡೆ ಕೆಳಗಿನ ಗೆರೆ.
ಆ ಗೆರೆ ಹೋದರೆ ಆರು ಐದಾಗುತ್ತದೆ.
ಎಂಟು ಒಂಬತ್ತಾಗುತ್ತದೆ.
"ಒಂದ್ ಕಡೆ ಹೋತು, ಒಂದ್ ಕಡೆ ಬಂತು,
ವರ್ಷದ ಕೊನೀಗೆ ಸರಿಹೋಗ್ತದಲ್ಲವ್ವಾ" ಎಂದು ನಕ್ಕರು.
ಆರು ಕಿಲೋ ಸುರಿದು ಐದರ ದುಡ್ಡು ಎಣಿಸಿಕೊಂಡವಳು
ಯಾವ ಊರಿನ ಬಸ್ಸು ಹತ್ತಿದಳೋ.

ಹಳೇ ಪ್ರಿಂಟರಿನಿಂದ ಕಿತ್ತ ಬಿಳಿ ಪಟ್ಟಿ. ಹದಿನೆಂಟು ಎಳೆ,
ಎಳೆಗೂ ಎಳೆಗೂ ನಡುವೆ
ರಾಗಿ ಕಾಳು ನಿಲ್ಲದಷ್ಟು ಜಾಗ.
ಸಾಕೆಟ್ಟು ಮುರಿದಿದೆ; ನೇರ ಬೋರ್ಡಿಗೇ ಬೆಸೆಯಬೇಕು.
ಬೆಳಿಗ್ಗೆ ಒಂದನ್ನು ಕೆಡಿಸಿದೆ.
ತಾಮ್ರಕ್ಕೆ ಮುನ್ನೂರೈವತ್ತು ಡಿಗ್ರಿ ಸುಖ,
ತಾಮ್ರವನ್ನು ಹೊತ್ತ ಪ್ಲಾಸ್ಟಿಕ್ಕಿಗೆ ಅದೇ ಸಾವು.
ಹಾಲಿನ ಕೆನೆಯಂತೆ ಮುದುಡಿತು.
ಕೋಣೆ ತುಂಬ ಸುಟ್ಟ ಬಳೆಯ ವಾಸನೆ.

ಆಗ ಅಪ್ಪ ನೆನಪಾದ. ಕಲಾಯಿ ಬುಡೇನ್ ಸಾಬ್.
ಕಂಡವರ ಮನೆ ಮುಂದೆ ಗುಂಡಿ ತೋಡಿ, ತಿದಿ ಊದಿ,
ಹಿತ್ತಾಳೆ ಹಂಡೆಯ ಹೊಟ್ಟೆಗೆ ಹುಣ್ಣಿಮೆ ಸವರುತ್ತಿದ್ದ.
ತವರದ ಕಡ್ಡಿಯನ್ನು ಒಂದು ದಿನವೂ ಬೆಂಕಿಗೆ ಹಿಡಿಯಲಿಲ್ಲ.
"ಕಾವು ಪಾತ್ರೀಗೆ ಕೊಡು, ತವರಕ್ಕಲ್ಲ.
ಪಾತ್ರೆ ಕರೆದ್ರ ತವರ ತಾನ ಬರ್ತದ."
ನವಸಾಗರದ ಬಿಳಿ ಹೊಗೆ, ಕೆಮ್ಮು,
ಆಮೇಲೆ ಹತ್ತಿಯ ಒಂದೇ ಒರಸು. ಎರಡಿಲ್ಲ.
ಆ ಹತ್ತಿಯೂ ಮಿಲ್ಲಿನ ಗೇಟಿನ ಹೊರಗೆ ಆಯ್ದದ್ದು.

ಸ್ಟೀಲು ಬಂತು. ತಿದಿ ಮೊಳೆಗೆ ನೇತುಬಿತ್ತು,
ಇಲಿ ಅದರೊಳಗೆ ಮರಿ ಹಾಕಿತು,
ಅಪ್ಪ ಓಡಿಸಲಿಲ್ಲ.
ನನ್ನ ಮದುವೆಯ ದಿನ ಎಲ್ಲರೂ ಅಂದರು, ತವರು ಮರೀಬ್ಯಾಡ.
ನನಗೆ ತವರ ಅಂತ ಕೇಳಿಸಿತೇನೋ.

ಇರಲಿ. ಕಾವು ಇಳಿಸಿದೆ.
ಬೋರ್ಡಿನ ಪ್ಯಾಡುಗಳಿಗೆ ತೆಳ್ಳಗೆ ತವರ, ಮೇಲೊಂದು ಹನಿ ರಾಳ,
ಮೊದಲು ಎರಡೂ ಅಂಚಿನ ಎಳೆ,
ಗುಬ್ಬಿ ಒಂದು ಕಾಳು ಕುಕ್ಕುವಷ್ಟು ಹೊತ್ತು.
ಆಮೇಲೆ ಮೂರನೆಯದು, ಅಲ್ಲಿಂದ ಹತ್ತಕ್ಕೆ ಹಾರಿದೆ.
ಸಾಲಾಗಿ ಹೋಗಬಾರದು;
ನಮ್ಮ ಓಣಿಯ ನಲ್ಲಿಯ ಮುಂದೆ ಹೇಗೋ ಹಾಗೆ,
ಒಬ್ಬಳು ಕಾದರೆ ಪಕ್ಕದವಳೂ ಕಾಯುತ್ತಾಳೆ.

ಹನ್ನೊಂದು ಮುಟ್ಟುವಾಗ ಕರೆಂಟು ಹೋಯಿತು.
ತುದಿಯಲ್ಲಿ ಉಳಿದ ಕಾವಿನಲ್ಲೇ ಹನ್ನೆರಡನ್ನೂ ಮುಟ್ಟಿದೆ.
ಬೂದುಬಣ್ಣಕ್ಕೆ ತಿರುಗಿತು. ತಿರುಗುತ್ತದೆಂದು ಗೊತ್ತಿತ್ತು.
ಆದರೂ ಮುಟ್ಟಿದೆ.
ಮುಕ್ಕಾಲು ತಾಸು ಕತ್ತಲಲ್ಲಿ
ಅದೊಂದನ್ನೇ ನೆನೆಯುತ್ತ ಬೆವೆತೆ.

ಮೀಟರಿನ ಎರಡು ಮುಳ್ಳು ಇಟ್ಟು ಎಳೆ ಎಳೆಯನ್ನೂ ವಿಚಾರಿಸಿದೆ.
ಎಲ್ಲವೂ ಕುಂಯ್ ಅಂದವು.
ಏಳು ಮತ್ತು ಎಂಟರ ನಡುವೆಯೂ ಕುಂಯ್ ಅಂದಿತು, ಅನ್ನಬಾರದಿತ್ತು.
ಕೂದಲಿನಷ್ಟು ಸೇತುವೆ. ಜಾಲರಿ ಒತ್ತಿ ಹೀರಿಸಿದೆ.

ಸ್ವಿಚ್ಚು ಹಾಕಿದರೆ ಮೊದಲು ಬರೀ ಎಂಟುಗಳು,
ಎಲ್ಲ ಗೆರೆಯೂ ಹಾಜರು.
ಭಟ್ಟಿಯ ಹುಡುಗ ಜಬಿವುಲ್ಲಾನ ಹೆಗಲಿಂದ
ಅವನಿಗಿಂತ ಎತ್ತರದ ಮಂಡಕ್ಕಿ ಚೀಲ ಇಳಿಸಿಕೊಂಡು ಇಟ್ಟೆ.
ಅಷ್ಟು ದೊಡ್ಡದು, ಆರೇ ಕಿಲೋ.
ಆರು. ಹೊಟ್ಟೆ ತುಂಬಿದ ಆರು.

ಸಂಜೆ ಕೊಟ್ರಬಸಪ್ಪನವರು ಬಂದು ಬಗ್ಗಿ ನೋಡಿದರು.
"ರಿಪೇರಿ ಎಷ್ಟವ್ವಾ?"
ಆರುನೂರು ಅಂದೆ.
ಎಂಜಲು ಬೆರಳಿಂದ ಐದು ನೋಟು ಎಣಿಸಿ ಇಟ್ಟರು.

ನಾನು ಫ್ಯಾನು ಹಾಕಲಿಲ್ಲ.
ಕೈ ಹಾಗೇ ಚಾಚಿಕೊಂಡು ಕೂತೆ.