ಭಟ್ಟಿಯ ಬಾಗಿಲ ಮೇಲೆ ಏಳು ಕೋಟಿ

ದಾವಣಗೆರೆಯ ಮಂಡಕ್ಕಿ ಭಟ್ಟಿ,
ಅದರ ಬಾಗಿಲು ಹೊಟ್ಟಿನ ಹೊಗೆ ಕುಡಿದು ಕುಡಿದು
ಶಾಲೆಯ ಹಲಗೆಗಿಂತ ಕರ್ರಗಾಗಿದೆ.
ಸೋಮವಾರ ಬೆಳಿಗ್ಗೆ ಬುಡನ್‌ಸಾಬರ ಮಗಳು ಶಮಾಬಾನು
ಸೀಮೆಸುಣ್ಣದಲ್ಲಿ ಬರೆದಳು:

೭೩೯೩೯೧೩೩

‘ಕೊಟ್ರಪ್ಪಣ್ಣ, ಇದನ್ನ ಪಾಲು ಹಾಕಾಕ ಬರಂಗಿಲ್ಲ,
ಬೇಕಾದ್ರೆ ನೋಡ್ರಿ.’

ನಾನು ಲೆಕ್ಕ ಬರೆಯುವವ. ಬಾಯಿಬಿಟ್ಟು ಓದಿದೆ:
ಏಳು ಕೋಟಿ
ಮೂವತ್ತೊಂಬತ್ತು ಲಕ್ಷದ
ಮೂವತ್ತೊಂಬತ್ತು ಸಾವಿರದ
ನೂರ ಮೂವತ್ತಮೂರು.
ಇಷ್ಟು ದುಡ್ಡು ಈ ಓಣಿ ಕಂಡಿಲ್ಲ.
ಇಷ್ಟು ಮಂಡಕ್ಕಿ ಕಂಡೀತು, ಒಂದೊಂದೇ ಕಾಳು ಎಣಿಸಿದರೆ.

ಅಂಕಿ ಕೂಡಿದೆ, ಮೂವತ್ತೆಂಟು. ಮೂರು ಹೊರಗೇ ಉಳಿಯಿತು.
ಏಳರಿಂದ ಭಾಗಿಸಿದರೆ ಶೇಷ ಎರಡು,
ಹನ್ನೊಂದರಿಂದ ನಾಲ್ಕು,
ಹದಿಮೂರರಿಂದ ಎಂಟು.
ಸಿಕ್ಕಿತು ಜಾಡು ಅಂತ ಪೆನ್ನು ಕಚ್ಚಿ
ಹದಿನೇಳರ ಹತ್ತಿರ ಹದಿನಾರಕ್ಕೆ ಕಾದೆ;
ಬಂದದ್ದು ಹದಿಮೂರು.
ಎಂಟು ಸಾವಿರದ ಐನೂರ ತೊಂಬತ್ತೆಂಟರ ತನಕ
ಹೀಗೇ ಒಂದೊಂದೇ ಬಾಗಿಲು ತಟ್ಟಬೇಕಂತೆ.
ಬಿಲ್‌ಬುಕ್ಕಿನ ಬೆನ್ನು ತುಂಬಿತು. ಬಿಟ್ಟೆ.
ಹುಡುಗಿಯ ಮಾತನ್ನು ಹುಂಡಿಯ ಹಾಗೆ ನಂಬಿದೆ.

ಮಂಗಳವಾರ ಹಮಾಲಿ ಅಂಜಿನಪ್ಪನ ಚೀಲ ತಾಗಿ
ಕೊನೆಯ ಮೂರು ಅಳಿಸಿಹೋಯಿತು.
‘ಹೋಗ್ಲಿ ಬಿಡ್ರಿ’ ಅಂದಳು ಶಮಾ, ‘ಉಳಿದದ್ದೂ ಅಂಥದ್ದೇ.’
ಮರುದಿನ ಇನ್ನೊಂದು ಮೂರು. ಉಳಿದದ್ದೂ ಅಂಥದ್ದೇ.
ಶುಕ್ರವಾರ ಭಟ್ಟಿ ಬಂದ್.
ಶನಿವಾರ ಒಂದೇ ಹೊರೆಗೆ ಎರಡು ಅಂಕಿ ಮಾಯ.

೭೩೯೩

ಇದು ನನ್ನ ಅಳತೆಗೆ ಬಂತು.
ಎಂಬತ್ತಮೂರರ ತನಕ ಇಪ್ಪತ್ತಮೂರು ಭಾಗಾಕಾರ;
ರಾತ್ರಿ ಕರೆಂಟು ಹೋದಾಗ ಮೊಬೈಲ್ ಬೆಳಕಲ್ಲಿ ಮುಗಿಸಿದೆ.
ಯಾವುದೂ ಒಳಗೆ ಹೋಗಲಿಲ್ಲ.

ಕುತೂಹಲಕ್ಕೆ ಹಳೆಯ ಹಾಳೆಯಲ್ಲಿ
ಎಡಗಡೆಯ ಏಳನ್ನು ಹೆಬ್ಬೆರಳಿಂದ ಮುಚ್ಚಿದೆ.
ಹನ್ನೊಂದು ಚಪ್ಪಲಿ ಸಹ ಬಿಡದೆ ನುಗ್ಗಿತು:
ಮೂರು ಲಕ್ಷದ ಐವತ್ತೆಂಟು ಸಾವಿರದ ನೂರ ಮೂರು ಸಲ, ಸರಿಯಾಗಿ.
ಬಾಲ ಕೊಯ್ದರೆ ತಾಳುತ್ತದೆ,
ತಲೆ ಮುಟ್ಟಬಾರದು.

‘ಬಲಕ್ಕೆ ಇನ್ನೊಂದು ಅಂಕಿ ಸೇರಿಸಿದ್ರೆ?’
‘ಎಲ್ಲಾ ನೋಡೀನಿ. ಒಂದು ಇಟ್ರೆ ಮೂರು ತಿಂತೈತಿ, ಏಳು ಇಟ್ರೂ ಅದೇ ಮೂರು.
ಮೂರು, ಒಂಬತ್ತು ಇಟ್ರೆ ಸ್ವಲ್ಪ ಸತಾಯಿಸ್ತಾವು,
ಕೊನೆಗೆ ಅವೂ ಒಡೀತಾವು.
ಈ ಜಾತಿಗೆ ಇದೇ ದೊಡ್ಡದು ಕಣಣ್ಣ,
ಇದರ ಮುಂದೆ ಯಾವುದೂ ಇಲ್ಲ.’

ಅವಳು ಅಂದದ್ದು ಅಂಕಿಯ ಮಾತು.
ನನಗೆ ಮಾತ್ರ ರಂಜಾನ್ ಮುಗಿದ ವಾರ ನೆನಪಾಯಿತು:
ಇದೇ ಕಟ್ಟೆಯ ಮೇಲೆ ಮೂವರು ಅಣ್ಣತಮ್ಮಂದಿರು ಕೂತು
ಒಲೆ ಒಬ್ಬರಿಗೆ, ಜರಡಿ ಒಬ್ಬರಿಗೆ,
ಬರಬೇಕಾದ ಬಾಕಿ ಇನ್ನೊಬ್ಬರಿಗೆ ಅಂತ
ನನ್ನ ಕೈಯಲ್ಲೇ ಬರೆಸಿದ್ದು.
ಶೇಷ ಉಳಿಯದ ಹಾಗೆ ಬರೆದಿದ್ದೆ.
ಬಾಗಿಲನ್ನು ಯಾರಿಗೂ ಬರೆಯಲು ಮರೆತಿದ್ದೆ.

೭೩೯ಕ್ಕೆ ಒಂಬತ್ತು ಭಾಗಾಕಾರ.
೭೩ಕ್ಕೆ ನಾಲ್ಕು, ಚಹಾ ಆರುವುದರೊಳಗೆ.
ಆಮೇಲೆ ಒಂದೇ ಒಂದು ಏಳು
ಕರಿ ಹಲಗೆಯ ಎಡ ಅಂಚಿಗೆ,
ಚಿಲಕದ ಎತ್ತರಕ್ಕೆ.

ಅದನ್ನು ಯಾರ ಹೆಗಲೂ ಮುಟ್ಟಲಿಲ್ಲ.
ಬುಧವಾರ ಲೋಡು ತುಂಬಿದ ಮೇಲೆ
ಅಂಜಿನಪ್ಪ ಸೀಮೆಸುಣ್ಣದ ತುಂಡು ಕೇಳಿದ,
ಏಳರ ಪಕ್ಕಕ್ಕೆ ಒಂದು ಎರಡು ಬರೆದ:

೭೨ ಚೀಲ

ತಲೆಗೆ ಇಪ್ಪತ್ತನಾಲ್ಕು.
ಮೂವರೂ ಬಂದು ಎಣಿಸಿಕೊಂಡು ಹೋದರು.
ಶಮಾ ಸ್ಕೂಲಿಂದ ಬಂದವಳು ಓದಿದಳು,
ಏನೂ ಅನ್ನಲಿಲ್ಲ,
ಓಣಿಯ ಆಚೆ ಬದಿಯ ಭಟ್ಟಿಯ ಬಾಗಿಲು ನೋಡಿದಳು.
ಅದು ಇನ್ನೂ ಕರ್ರಗೆ, ಖಾಲಿ.